ಬಿ-12 ಜೀವಸತ್ವ: ಸೂಕ್ಷ್ಮಾಣುಗಳ ಕಾಯಕ, ಶಾಕಾಹಾರಿಗಳ ಆರೋಗ್ಯ

ವೈದ್ಯರು ರಕ್ತಪರೀಕ್ಷೆ ಮಾಡಿಸಿ, ಬಿ-12 ಜೀವಸತ್ವದ ಕೊರತೆ ಇದೆಯೆಂದು ಮಾತ್ರೆಯನ್ನೋ ಚುಚ್ಚುಮದ್ದನ್ನೋ ಬರೆದುಕೊಟ್ಟಾಗ, ಶಾಕಾಹಾರವನ್ನು ನಿಷ್ಠೆಯಿಂದ ಪಾಲಿಸುವ ಮನೆಗಳಲ್ಲಿ ಒಂದು ಪ್ರಶ್ನೆ ಏಳುವುದು ಸಹಜ: “ಇದನ್ನು ಮಾಂಸದಿಂದ ತೆಗೆದಿರುತ್ತಾರೆಯೇ?” ಬಿ-12 ಇರುವುದು ಮಾಂಸ, ಮೀನು, ಮೊಟ್ಟೆಗಳಲ್ಲಿ ಎಂಬ ಮಾತು ಎಲ್ಲೆಡೆ ಕೇಳಿಬರುವುದರಿಂದ ಈ ಅನುಮಾನಕ್ಕೆ ಕಾರಣವೂ ಇದೆ. ಕೆಲವರು ಸಂಕೋಚದಿಂದ ವೈದ್ಯರನ್ನು ಕೇಳುವುದಿಲ್ಲ, ಔಷಧಿಯನ್ನೂ ತೆಗೆದುಕೊಳ್ಳುವುದಿಲ್ಲ. ಕೈಕಾಲು ಜೋಮು ಹಿಡಿಯುವುದು, ನಡಿಗೆ ತಡವರಿಸುವುದು, ಮರೆವು ಇವೆಲ್ಲ ವಯಸ್ಸಿನ ದೋಷವೆಂದು ಸುಮ್ಮನಾಗುತ್ತಾರೆ. ಇತ್ತ ನರಗಳು ಸದ್ದಿಲ್ಲದೆ ಸವೆಯುತ್ತಿರುತ್ತವೆ.

ಆದ್ದರಿಂದ ಈ ತಿಂಗಳು ಆ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ಸ್ವಲ್ಪ ವಿವರವಾಗಿ ವಿಚಾರ ಮಾಡೋಣ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಇಂದು ಔಷಧಿಯ ಅಂಗಡಿಯಲ್ಲಿ ದೊರೆಯುವ ಬಿ-12 ಮಾಂಸದಿಂದ ಬಂದದ್ದಲ್ಲ, ಬ್ಯಾಕ್ಟೀರಿಯಾಗಳಿಂದ ಬಂದದ್ದು. ಅಷ್ಟೇ ಅಲ್ಲ, ಈ ಲೋಕದಲ್ಲಿ ಎಲ್ಲಿಯೇ ಬಿ-12 ಇರಲಿ, ಅದರ ಮೂಲ ಕರ್ತೃಗಳು ಸೂಕ್ಷ್ಮಾಣುಗಳೇ.

ಹಸುವೂ ಮಾಡದು, ಹುಲ್ಲೂ ಮಾಡದು

ಸಾಮಾನ್ಯವಾಗಿ ಜೀವಸತ್ವಗಳನ್ನು ಸಸ್ಯಗಳು ತಯಾರಿಸುತ್ತವೆ; ನಾವು ಸೊಪ್ಪು, ಕಾಳು, ಹಣ್ಣುಗಳ ಮೂಲಕ ಅವನ್ನು ಪಡೆಯುತ್ತೇವೆ. ಬಿ-12 ಈ ನಿಯಮಕ್ಕೆ ಅಪವಾದ. ಇದನ್ನು ಯಾವ ಸಸ್ಯವೂ ತಯಾರಿಸಲಾರದು, ಯಾವ ಪ್ರಾಣಿಯೂ ತಯಾರಿಸಲಾರದು. ಆ ಶಕ್ತಿ ಇರುವುದು ಕೆಲವು ಬ್ಯಾಕ್ಟೀರಿಯಾಗಳಿಗೂ ಅವುಗಳಂತಹ ಇನ್ನು ಕೆಲವು ಅತಿ ಸರಳ ಸೂಕ್ಷ್ಮಾಣುಗಳಿಗೂ ಮಾತ್ರ.

ಹಾಗಾದರೆ ಹಸುವಿನ ಹಾಲಿನಲ್ಲಿ ಅದು ಹೇಗೆ ಬಂತು? ಮೆಲುಕು ಹಾಕುವ ಪ್ರಾಣಿಗಳ ಮೊದಲ ಹೊಟ್ಟೆಯಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. ಹುಲ್ಲಿನೊಡನೆ ಮಣ್ಣಿನಿಂದ ಬರುವ ಕೋಬಾಲ್ಟ್ ಎಂಬ ಲೋಹದ ಅತ್ಯಲ್ಪ ಅಂಶವನ್ನು ಬಳಸಿಕೊಂಡು ಅವು ಬಿ-12 ತಯಾರಿಸುತ್ತವೆ. ಅದು ಹಸುವಿನ ರಕ್ತಕ್ಕೂ ಹಾಲಿಗೂ ಸೇರುತ್ತದೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನ ಕೆಲವು ಪ್ರದೇಶಗಳಲ್ಲಿ ಹಚ್ಚಹಸುರಿನ ಹುಲ್ಲುಗಾವಲಿನಲ್ಲಿದ್ದರೂ ಕುರಿ, ದನಗಳು ಬಡಕಲಾಗಿ ಸಾಯುತ್ತಿದ್ದವು. 1930ರ ದಶಕದಲ್ಲಿ ಅದರ ಕಾರಣ ತಿಳಿಯಿತು: ಆ ಮಣ್ಣಿನಲ್ಲಿ ಕೋಬಾಲ್ಟ್ ಸಾಕಷ್ಟು ಇರಲಿಲ್ಲ. ಕೋಬಾಲ್ಟ್ ಇಲ್ಲದೆ ಹೊಟ್ಟೆಯ ಬ್ಯಾಕ್ಟೀರಿಯಾಗಳ ಕೆಲಸ ನಿಂತಿತ್ತು.

ಮನುಷ್ಯನ ಕರುಳಿನಲ್ಲಿಯೂ ಬಿ-12 ತಯಾರಿಸುವ ಬ್ಯಾಕ್ಟೀರಿಯಾಗಳಿವೆ. ಆದರೆ ಅವು ನೆಲೆಸಿರುವುದು ಬಹುಪಾಲು ದೊಡ್ಡಕರುಳಿನಲ್ಲಿ. ನಾವು ಬಿ-12 ಹೀರಿಕೊಳ್ಳುವುದು ಅದಕ್ಕಿಂತ ಮೇಲಿರುವ ಸಣ್ಣಕರುಳಿನ ಕೊನೆಯ ಭಾಗದಲ್ಲಿ. ಹೊಲದ ಕೆಳಗಿನ ಕಾಲುವೆಯಲ್ಲಿ ನೀರು ಹರಿದರೂ ಮೇಲಿನ ಹೊಲಕ್ಕೆ ಹೇಗೆ ಉಪಯೋಗವಿಲ್ಲವೋ ಹಾಗೆ, ನಮ್ಮೊಳಗೇ ತಯಾರಾದ ಆ ಸತ್ವ ನಮಗೆ ದಕ್ಕುವುದಿಲ್ಲ.

ವಯಸ್ಕರಿಗೆ ದಿನಕ್ಕೆ ಬೇಕಾದ ಬಿ-12 ಸುಮಾರು 2ರಿಂದ 2.5 ಮೈಕ್ರೋಗ್ರಾಂ. ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಭಾಗ. ಇಷ್ಟು ಕಡಮೆ ಬೇಕಾದರೂ ಅದರ ಹೊಣೆ ದೊಡ್ಡದು. ರಕ್ತದ ಕೆಂಪುಕಣಗಳು ಸರಿಯಾಗಿ ರೂಪುಗೊಳ್ಳಲು, ಜೀವಕೋಶಗಳು ವಿಭಜನೆಯಾಗಲು, ನರಗಳ ಮೇಲಿನ ಹೊದಿಕೆ ಗಟ್ಟಿಯಾಗಿರಲು ಇದು ಬೇಕೇ ಬೇಕು. ನಮ್ಮ ಪಿತ್ತಜನಕಾಂಗ ಕೆಲವು ವರ್ಷಗಳಿಗೆ ಸಾಲುವಷ್ಟು ಬಿ-12 ಕೂಡಿಟ್ಟುಕೊಂಡಿರುತ್ತದೆ. ಆದ್ದರಿಂದಲೇ ಕೊರತೆ ಒಮ್ಮೆಗೇ ಕಾಣಿಸುವುದಿಲ್ಲ. ಕಣಜ ಬರಿದಾದ ಮೇಲೆಯೇ ತಿಳಿಯುತ್ತದೆ.

ಯಕೃತ್ತಿನಿಂದ ಹುದುಗಿನ ತೊಟ್ಟಿಯವರೆಗೆ

ಮಾಂಸದಿಂದ ತೆಗೆದ ಔಷಧಿ ಎಂಬ ಅನುಮಾನಕ್ಕೆ ಒಂದು ಹಳೆಯ ಬೇರು ಇದೆ. ನೂರು ವರ್ಷಗಳ ಹಿಂದೆ ಮಾರಕ ರಕ್ತಹೀನತೆ ಎಂಬ ರೋಗ ಬಂದವರು ಬದುಕುತ್ತಿರಲಿಲ್ಲ. 1926ರಲ್ಲಿ ಅಮೆರಿಕದ ಜಾರ್ಜ್ ಮಿನೋಟ್ ಮತ್ತು ವಿಲಿಯಂ ಮರ್ಫಿ ಎಂಬ ವೈದ್ಯರು, ಪ್ರತಿದಿನ ಪ್ರಾಣಿಯ ಯಕೃತ್ತನ್ನು ಹೆಚ್ಚಾಗಿ ತಿನ್ನಿಸಿದರೆ ಈ ರೋಗಿಗಳು ಚೇತರಿಸಿಕೊಳ್ಳುತ್ತಾರೆಂದು ತೋರಿಸಿದರು. ಅವರಿಗೂ, ಇದಕ್ಕೆ ದಾರಿ ಮಾಡಿಕೊಟ್ಟ ಜಾರ್ಜ್ ವಿಪಲ್ ಅವರಿಗೂ 1934ರ ನೊಬೆಲ್ ಪುರಸ್ಕಾರ ದೊರೆಯಿತು. 1948ರಲ್ಲಿ ಅಮೆರಿಕದ ಮರ್ಕ್ ಹಾಗೂ ಇಂಗ್ಲೆಂಡಿನ ಗ್ಲಾಕ್ಸೊ ಸಂಸ್ಥೆಗಳ ವಿಜ್ಞಾನಿಗಳು ಯಕೃತ್ತಿನ ಸಾರದಿಂದ ಕೆಂಪು ಹರಳುಗಳನ್ನು ಬೇರ್ಪಡಿಸಿದರು. ಅದೇ ಬಿ-12.

ಅದೇ ವರ್ಷ ಇನ್ನೊಂದು ಸಂಗತಿ ಹೊರಬಿತ್ತು. ಕ್ಷಯರೋಗದ ಔಷಧಿಯಾದ ಸ್ಟ್ರೆಪ್ಟೊಮೈಸಿನ್ ತಯಾರಿಸುವ ಬ್ಯಾಕ್ಟೀರಿಯಾವೂ ಈ ಸತ್ವವನ್ನು ತಯಾರಿಸುತ್ತದೆಂದು ತಿಳಿಯಿತು. ಟನ್ನುಗಟ್ಟಲೆ ಯಕೃತ್ತಿನಿಂದ ಚಿಟಿಕೆಯಷ್ಟು ತೆಗೆಯುವ ಕಷ್ಟ ಕ್ರಮೇಣ ತಪ್ಪಿತು. 1950ರ ದಶಕದಲ್ಲಿ ಇಂಗ್ಲೆಂಡಿನ ಡೊರೊಥಿ ಹಾಡ್ಗ್ಕಿನ್ ಎಂಬ ವಿದುಷಿ ಎಕ್ಸ್-ರೇ ಕಿರಣಗಳ ನೆರವಿನಿಂದ ಇದರ ರಚನೆಯನ್ನು ಬಿಡಿಸಿ ತೋರಿಸಿದರು. 1964ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರ ಸಂದಿತು. ಜೀವಸತ್ವಗಳಲ್ಲೆಲ್ಲ ಅತ್ಯಂತ ಜಟಿಲವಾದ ರಚನೆ ಇದರದು. ನಡುವೆ ಒಂದು ಕೋಬಾಲ್ಟ್ ಕಣ, ಅದರ ಸುತ್ತ ಉಂಗುರ, ಕೆಳಗೊಂದು ಬಾಲ.

ಇದನ್ನು ಪ್ರಯೋಗಾಲಯದಲ್ಲಿ ರಾಸಾಯನಿಕವಾಗಿ ಕಟ್ಟಲು ರಾಬರ್ಟ್ ವುಡ್‌ವರ್ಡ್ ಮತ್ತು ಆಲ್ಬರ್ಟ್ ಎಷೆನ್‌ಮೋಸರ್ ಅವರ ತಂಡಗಳ ಸುಮಾರು ನೂರು ಮಂದಿ ವಿಜ್ಞಾನಿಗಳು ಹತ್ತು ವರ್ಷಕ್ಕೂ ಹೆಚ್ಚು ದುಡಿದರು. 1972ರಲ್ಲಿ ಜಯ ಸಿಕ್ಕಿತು. ಆದರೆ ಆ ಮಾರ್ಗ ಎಷ್ಟು ಉದ್ದವೆಂದರೆ ಅದರಿಂದ ಔಷಧಿ ತಯಾರಿಸುವುದು ಸಾಧ್ಯವೇ ಇರಲಿಲ್ಲ. ನೂರು ಪಂಡಿತರು ದಶಕವಿಡೀ ಮಾಡಿದ ಕೆಲಸವನ್ನು ಕಣ್ಣಿಗೆ ಕಾಣದ ಜೀವಿಯೊಂದು ಸದ್ದಿಲ್ಲದೆ ದಿನನಿತ್ಯ ಮಾಡುತ್ತದೆ. ಹೀಗಾಗಿ ಕೈಗಾರಿಕೆಯಲ್ಲಿ ಉಳಿದದ್ದು ಬ್ಯಾಕ್ಟೀರಿಯಾಗಳ ದಾರಿಯೊಂದೇ. ಸ್ಯೂಡೊಮೊನಾಸ್, ಪ್ರೊಪಿಯೊನಿಬ್ಯಾಕ್ಟೀರಿಯಂ ಎಂಬ ಜಾತಿಯವನ್ನು ದೊಡ್ಡ ಉಕ್ಕಿನ ತೊಟ್ಟಿಗಳಲ್ಲಿ ಬೀಟ್ ಸಕ್ಕರೆಯ ಕಾಕಂಬಿ ಮುಂತಾದವುಗಳ ಮೇಲೆ ಬೆಳೆಸಿ, ಅವು ತಯಾರಿಸಿದ ಬಿ-12 ಬೇರ್ಪಡಿಸಿ ಶುದ್ಧಗೊಳಿಸುತ್ತಾರೆ. ಮಾತ್ರೆಯಲ್ಲಿರುವುದು ಆ ಶುದ್ಧ ಸತ್ವ.

ಹೆಪ್ಪಿನ ಜೀವಿಗೆ ಹೊಸ ಕಲಿಕೆ

ಬ್ಯಾಕ್ಟೀರಿಯಾಗಳು ತಮ್ಮ ಅಗತ್ಯಕ್ಕೆ ತಕ್ಕಷ್ಟೇ ಜೀವಸತ್ವ ತಯಾರಿಸುತ್ತವೆ. ಹೆಚ್ಚು ತಯಾರಿಸುವಂತೆ ಅವನ್ನು ತಿದ್ದಬಹುದೇ? ತೊಟ್ಟಿಯಲ್ಲಿ ಬೆಳೆಸಿ ಬೇರ್ಪಡಿಸುವುದರ ಬದಲು, ನಾವು ತಿನ್ನುವ ಆಹಾರದಲ್ಲಿಯೇ ಅವು ಅದನ್ನು ಬಿಟ್ಟುಕೊಡುವಂತೆ ಮಾಡಬಹುದೇ? ಈ ಪ್ರಶ್ನೆಗಳನ್ನು ಹಿಡಿದು ನೆದರ್‌ಲೆಂಡ್ಸ್ ದೇಶದ ವಾಗೆನಿಂಗನ್ ವಿಶ್ವವಿದ್ಯಾಲಯದಲ್ಲಿ ನಡೆದ ಎರಡು ಡಾಕ್ಟರೇಟ್ ಸಂಶೋಧನೆಗಳನ್ನು ಓದುಗ ಬಂಧುಗಳ ಗಮನಕ್ಕೆ ತರಬಯಸುತ್ತೇವೆ.

ಮೊದಲನೆಯದು ವಿಲ್ಬರ್ಟ್ ಸೈಬೆಸ್ಮಾ ಅವರು 2003ರಲ್ಲಿ ಸಲ್ಲಿಸಿದ ಮಹಾಪ್ರಬಂಧ. ಅವರ ವಿಷಯ ಬಿ-12 ಅಲ್ಲ, ಅದರ ಜೊತೆಗಾರನಾದ ಫೋಲೇಟ್. ಅವರು ಆರಿಸಿಕೊಂಡದ್ದು ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್ ಎಂಬ ಬ್ಯಾಕ್ಟೀರಿಯಾ. ಹಾಲನ್ನು ಹುಳಿಗೊಳಿಸುವ, ಮೊಸರು ಮಜ್ಜಿಗೆಗಳಲ್ಲಿ ಕಾಣುವ ಜೀವಿ ಇದು. ಬೇರೆ ಬೇರೆ ಹೆಪ್ಪಿನ ಬ್ಯಾಕ್ಟೀರಿಯಾಗಳನ್ನು ಪರೀಕ್ಷಿಸಿದಾಗ, ಕೆಲವು ಫೋಲೇಟ್ ತಯಾರಿಸುತ್ತವೆ, ಕೆಲವು ಇತರರು ತಯಾರಿಸಿದ್ದನ್ನು ಬಳಸಿ ಮುಗಿಸುತ್ತವೆ ಎಂಬುದು ಅವರಿಗೆ ಕಂಡಿತು. ತಯಾರಿಸುವವುಗಳಲ್ಲಿಯೂ ಬಹುಪಾಲು ಫೋಲೇಟ್ ಜೀವಕೋಶದ ಒಳಗೇ ಸಿಕ್ಕಿಕೊಂಡಿರುತ್ತದೆ. ಫೋಲೇಟ್‌ಗೆ ಒಂದು ಉದ್ದನೆಯ ಬಾಲವಿರುತ್ತದೆ. ಬಾಲ ಉದ್ದವಿದ್ದಷ್ಟೂ ಅದು ಕೋಶದಿಂದ ಹೊರಬರಲಾರದು.

ಫೋಲೇಟ್ ತಯಾರಾಗುವುದು ಒಂದರ ನಂತರ ಒಂದರಂತೆ ಕೆಲಸ ಮಾಡುವ ಹಲವು ಕಿಣ್ವಗಳಿಂದ. ನೇಕಾರರ ಮನೆಯಲ್ಲಿ ಒಬ್ಬರು ನೂಲು ಸುತ್ತಿದರೆ ಇನ್ನೊಬ್ಬರು ಹಾಸು ಹೂಡುವಂತೆ, ಮತ್ತೊಬ್ಬರು ನೇಯುವಂತೆ. ಸಾಲಿನ ಆರಂಭದಲ್ಲಿರುವವರು ನಿಧಾನಿಸಿದರೆ ಇಡೀ ಕೆಲಸ ನಿಧಾನವಾಗುತ್ತದೆ. ಸೈಬೆಸ್ಮಾ ಅವರ ತಂಡ ಆ ಆರಂಭದ ಹಂತಗಳ ಕಿಣ್ವಕ್ಕೆ ಸಂಬಂಧಿಸಿದ ವಂಶವಾಹಿಯನ್ನು ಹೆಚ್ಚು ಚುರುಕಾಗಿಸಿತು. ಅದಕ್ಕೆ ಬಳಸಿದ ಸ್ವಿಚ್ಚು ನಿಸಿನ್ ಎಂಬ ಪದಾರ್ಥ. ಅದೂ ಈ ಜಾತಿಯ ಬ್ಯಾಕ್ಟೀರಿಯಾಗಳೇ ತಯಾರಿಸುವಂಥದು. ಫಲವಾಗಿ ಒಟ್ಟು ಫೋಲೇಟ್ ಸುಮಾರು 3 ಪಟ್ಟಾಯಿತು. ಕೋಶದಿಂದ ಹೊರಬರುವ ಫೋಲೇಟ್ ಸುಮಾರು 10 ಪಟ್ಟಾಯಿತು. ಬಾಲವನ್ನು ಕತ್ತರಿಸುವ ಕಿಣ್ವದ ವಂಶವಾಹಿಯನ್ನು ಸೇರಿಸಿದಾಗಲೂ ಹೆಚ್ಚು ಫೋಲೇಟ್ ಹೊರಬಂದಿತು.

ಇದೇ ಕಾಲಕ್ಕೆ ಐರ್ಲೆಂಡಿನ ಕಾರ್ಕ್ ನಗರದ ಸಂಶೋಧಕರು ಅದೇ ಜಾತಿಯ ಬ್ಯಾಕ್ಟೀರಿಯಾವನ್ನು ಬಿ-2 ಜೀವಸತ್ವಕ್ಕಾಗಿ ಪಳಗಿಸುತ್ತಿದ್ದರು. ಅವರ ಒಂದು ಉಪಾಯ ಬಹು ಸರಳ. ಬಿ-2ನ್ನು ಹೋಲುವ, ಆದರೆ ಬ್ಯಾಕ್ಟೀರಿಯಾಗೆ ವಿಷವಾದ ರೋಸಿಯೊಫ್ಲೇವಿನ್ ಎಂಬ ಪದಾರ್ಥದಲ್ಲಿ ಅವನ್ನು ಬೆಳೆಸಿದರು. ಬಹುಪಾಲು ಸತ್ತವು, ಬದುಕಿ ಉಳಿದವುಗಳಲ್ಲಿ ಬಿ-2ನ್ನು ತಾವೇ ಧಾರಾಳವಾಗಿ ತಯಾರಿಸುವಂಥವು ದೊರೆತವು. ಇದರಲ್ಲಿ ಹೊರಗಿನ ವಂಶವಾಹಿ ಸೇರಿಸುವ ಮಾತೇ ಇಲ್ಲ. ರೈತನು ಗಟ್ಟಿ ಬೀಜವನ್ನು ಆರಿಸಿಡುವ ಕ್ರಮವೇ ಇದು. ಮುಂದೆ 2004ರಲ್ಲಿ ಎರಡೂ ತಂಡಗಳು ಕೂಡಿ, ಫೋಲೇಟ್ ಮತ್ತು ಬಿ-2 ಎರಡನ್ನೂ ಹೆಚ್ಚಾಗಿ ತಯಾರಿಸುವ ಒಂದೇ ತಳಿಯನ್ನು ರೂಪಿಸಿದವು.

ಫೋಲೇಟ್ ಒಂದೇ ಸಾಲದು

ಫೋಲೇಟ್ ಕಥೆಯಲ್ಲಿ ಭಾರತಕ್ಕೂ ಪಾಲಿದೆ. 1928ರಲ್ಲಿ ಮುಂಬಯಿಗೆ ಬಂದ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ, ಅಲ್ಲಿನ ಬಡ ಗರ್ಭಿಣಿಯರ ರಕ್ತಹೀನತೆ ಯೀಸ್ಟ್‌ನ ಸಾರದಿಂದ ವಾಸಿಯಾಗುತ್ತದೆಂದು ಕಂಡುಕೊಂಡರು. ಅದರಲ್ಲಿದ್ದ ಸತ್ವವೇ ಫೋಲೇಟ್ ಎಂದು ಅನಂತರ ತಿಳಿಯಿತು. ಆಂಧ್ರದಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದ ತಂಡ 1940ರ ದಶಕದಲ್ಲಿ ಅದನ್ನು ಫೋಲಿಕ್ ಆಮ್ಲವೆಂಬ ರೂಪದಲ್ಲಿ ಕೃತಕವಾಗಿ ತಯಾರಿಸಿತು.

ಇಲ್ಲಿಯೇ ಒಂದು ಎಚ್ಚರಿಕೆಯ ಮಾತು ಹೇಳಬೇಕು. ಫೋಲೇಟ್ ಮತ್ತು ಬಿ-12 ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳಂತೆ. ಬಿ-12 ಕೊರತೆಯಿಂದ ಬಂದ ರಕ್ತಹೀನತೆಗೆ ಬರಿಯ ಫೋಲಿಕ್ ಆಮ್ಲ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಾಣುತ್ತದೆ. ಆದರೆ ನರಗಳ ಹಾನಿ ನಿಲ್ಲುವುದಿಲ್ಲ. 1940ರ ದಶಕದ ಕೊನೆಯಲ್ಲಿಯೇ ವೈದ್ಯರು ಇದನ್ನು ಕಂಡಿದ್ದರು. ರೋಗಿಯ ಮುಖದಲ್ಲಿ ಕಳೆ ಬಂದಿತ್ತು, ಕಾಲುಗಳು ಮಾತ್ರ ಸ್ವಾಧೀನ ತಪ್ಪಿದ್ದವು.

ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಆ ಭಾಗದ ಹಳ್ಳಿಗಳ ತಾಯಂದಿರನ್ನೂ ಅವರ ಮಕ್ಕಳನ್ನೂ ವರ್ಷಗಳ ಕಾಲ ಅನುಸರಿಸಿ ನಡೆಸಿದ ಅಧ್ಯಯನ ನಮ್ಮ ಕಣ್ಣು ತೆರೆಸುವಂಥದು. 2008ರಲ್ಲಿ ಪ್ರಕಟವಾದ ಅದರ ವರದಿಯಂತೆ, ಸುಮಾರು ಮೂರರಲ್ಲಿ ಎರಡು ಪಾಲು ಗರ್ಭಿಣಿಯರಲ್ಲಿ ಬಿ-12 ಕಡಮೆ ಇತ್ತು. ಫೋಲೇಟ್ ಕೊರತೆ ಮಾತ್ರ ಹೆಚ್ಚುಕಡಮೆ ಇರಲೇ ಇಲ್ಲ. ತಾಯಿಯಲ್ಲಿ ಫೋಲೇಟ್ ಹೆಚ್ಚಿದ್ದು ಬಿ-12 ಕಡಮೆಯಿದ್ದ ಮಕ್ಕಳಲ್ಲಿ, ಆರನೆಯ ವಯಸ್ಸಿಗೇ ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿರುವ ಲಕ್ಷಣ ಎಲ್ಲರಿಗಿಂತ ಹೆಚ್ಚಾಗಿ ಕಂಡಿತು. ಅದು ಮುಂದೆ ಸಕ್ಕರೆ ಕಾಯಿಲೆಗೆ ದಾರಿಯಾಗಬಲ್ಲ ಲಕ್ಷಣ. ಸೊಪ್ಪು, ಬೇಳೆ, ಕಾಳುಗಳಿಂದ ಫೋಲೇಟ್ ಸಾಕಷ್ಟು ಪಡೆಯುವ ನಮ್ಮ ಊಟದಲ್ಲಿ ಕೊರತೆಯಾಗುವುದು ಬಿ-12 ಎಂಬುದನ್ನು ನಾವು ಮರೆಯಬಾರದು.

ನಿಜವಾದ ಬಿ-12, ಹುಸಿ ಬಿ-12

ಎರಡನೆಯ ಸಂಶೋಧನೆ ಈ ಬಿ-12ಕ್ಕೇ ಸಂಬಂಧಿಸಿದ್ದು. ಫಿಲಿಪೆ ಸ್ಯಾಂಟೋಸ್ ಅವರು 2008ರಲ್ಲಿ ವಾಗೆನಿಂಗನ್‌ಗೆ ಸಲ್ಲಿಸಿದ ಮಹಾಪ್ರಬಂಧದ ವಸ್ತು ಲ್ಯಾಕ್ಟೊಬ್ಯಾಸಿಲಸ್ ರಾಯ್ಟೆರಿ ಎಂಬ ಬ್ಯಾಕ್ಟೀರಿಯಾ. ಹುಳಿಹಿಟ್ಟಿನಿಂದ ಬೇರ್ಪಡಿಸಿದ ಇದರ ಒಂದು ತಳಿ ಬಿ-12 ತಯಾರಿಸುತ್ತದೆಂದು ಅರ್ಜೆಂಟೀನಾದ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ್ದರು. ಹೆಪ್ಪಿನ ಜಾತಿಯ ಜೀವಿಯೊಂದು ಬಿ-12 ತಯಾರಿಸುತ್ತದೆ ಎಂದರೆ ಶಾಕಾಹಾರಿಗಳಿಗೆ ಇದಕ್ಕಿಂತ ಶುಭವಾರ್ತೆ ಯಾವುದು?

ಸ್ಯಾಂಟೋಸ್ ಮತ್ತು ಸಂಗಡಿಗರು ಆ ಪದಾರ್ಥವನ್ನು ಶುದ್ಧೀಕರಿಸಿ ಸೂಕ್ಷ್ಮವಾಗಿ ಪರೀಕ್ಷಿಸಿದರು. ಕೋಬಾಲ್ಟ್ ಇತ್ತು, ಉಂಗುರವೂ ಇತ್ತು. ಆದರೆ ಕೆಳಗಿನ ಬಾಲದಲ್ಲಿರಬೇಕಾದ ಭಾಗದ ಸ್ಥಾನದಲ್ಲಿ ಅಡೆನಿನ್ ಎಂಬ ಬೇರೊಂದು ಭಾಗ ಕುಳಿತಿತ್ತು. ಇದಕ್ಕೆ ಹುಸಿ ಬಿ-12 ಎಂದು ಹೆಸರು. ಬ್ಯಾಕ್ಟೀರಿಯಾಗೆ ಅದು ಸಾಕು, ಮನುಷ್ಯನಿಗೆ ಪ್ರಯೋಜನವಿಲ್ಲ. ನಮ್ಮ ಜಠರದಲ್ಲಿ ಬಿ-12ನ್ನು ಹಿಡಿದು ಕರುಳಿನವರೆಗೆ ಒಯ್ಯುವ ಒಂದು ವಿಶೇಷ ಪ್ರೋಟೀನ್ ಇದೆ. ಅದು ಈ ಹುಸಿಯನ್ನು ಸರಿಯಾಗಿ ಹಿಡಿಯುವುದಿಲ್ಲ. ಬೀಗದಲ್ಲಿ ಹೊಕ್ಕರೂ ತಿರುಗದ ಕೀಲಿಕೈಯಂತೆ ಅದು.

ತಾನು ನಂಬಿ ಹೊರಟ ಜೀವಿ ಕೊಡುತ್ತಿರುವುದು ನಿಜವಾದ ಸತ್ವವಲ್ಲವೆಂದು ತಾನೇ ತೋರಿಸಿ ಪ್ರಕಟಿಸುವುದು ಸಂಶೋಧಕನ ಸತ್ಯನಿಷ್ಠೆಗೆ ಸಾಕ್ಷಿ. ಇದು ನಮಗೂ ನೇರವಾಗಿ ಉಪಯೋಗಕ್ಕೆ ಬರುವ ತಿಳಿವಳಿಕೆ. ಬಿ-12 ಹೇರಳವಾಗಿದೆಯೆಂದು ಹೇಳಿ ಮಾರುವ ಸ್ಪಿರುಲಿನಾ ಎಂಬ ಪಾಚಿಯ ಮಾತ್ರೆಗಳಲ್ಲಿಯೂ ಇರುವುದು ಬಹುಪಾಲು ಈ ಹುಸಿ ಬಿ-12 ಎಂದು ಜಪಾನಿನ ಸಂಶೋಧಕರು 1999ರಲ್ಲಿಯೇ ತೋರಿಸಿದ್ದಾರೆ. ಸ್ಪಿರುಲಿನಾದಲ್ಲಿ ಬೇರೆ ಗುಣಗಳಿರಬಹುದು; ಬಿ-12ಕ್ಕಾಗಿ ಅದನ್ನು ನಂಬುವಂತಿಲ್ಲ.

ಸಂಶೋಧನೆ ಅಲ್ಲಿಗೆ ನಿಂತಿಲ್ಲ. ನಮ್ಮ ಕರುಳಿನ ನಿವಾಸಿಯೇ ಆದ ಈ. ಕೋಲಿ ಎಂಬ ಬ್ಯಾಕ್ಟೀರಿಯಾಗೆ ಸ್ವಂತವಾಗಿ ಮೊದಲಿನಿಂದ ಕೊನೆಯವರೆಗೆ ಬಿ-12 ಕಟ್ಟುವ ವಿದ್ಯೆ ತಿಳಿಯದು. ಚೀನಾದ ವಿಜ್ಞಾನಿಗಳು ಬೇರೆ ಬೇರೆ ಬ್ಯಾಕ್ಟೀರಿಯಾಗಳಿಂದ ಒಟ್ಟು 28 ವಂಶವಾಹಿಗಳನ್ನು ಆರಿಸಿ, ಆರು ಗುಂಪುಗಳಾಗಿ ಅದರಲ್ಲಿ ಜೋಡಿಸಿದರು. 2018ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ, ಒಂದೊಂದೇ ಹಂತವನ್ನು ತಿದ್ದುತ್ತ ಬಂದು, ಬಿ-12 ಪ್ರಮಾಣವನ್ನು ಮೊದಲಿಗಿಂತ ಸುಮಾರು 250 ಪಟ್ಟು ಹೆಚ್ಚಿಸಿದರು: ಒಣಗಿಸಿದ ಒಂದು ಗ್ರಾಂ ಬ್ಯಾಕ್ಟೀರಿಯಾದಲ್ಲಿ 307 ಮೈಕ್ರೋಗ್ರಾಂ. ಕೈಗಾರಿಕೆಯ ಹಳೆಯ ತಳಿಗಳ ಮಟ್ಟಕ್ಕೆ ಇದು ಆಗ ತಲುಪಿರಲಿಲ್ಲ. ಆದರೂ ಈ. ಕೋಲಿ ಬಹುಬೇಗ ಬೆಳೆಯುವ ಜೀವಿಯಾದ್ದರಿಂದ, ಮುಂದೆ ಬಿ-12 ಇನ್ನಷ್ಟು ಸುಲಭವಾಗಿ, ಕಡಮೆ ಬೆಲೆಗೆ ದೊರೆಯುವ ದಾರಿ ಇದರಿಂದ ತೆರೆದಿದೆ.

ನಾವು ತಿಳಿದು ನಡೆಯಬೇಕಾದುದು

ಪ್ರಯೋಗಾಲಯದಲ್ಲಿ ಸಾಧ್ಯವಾದದ್ದೆಲ್ಲ ನಮ್ಮ ಗಡಿಗೆಗೆ ಬಂದಿದೆಯೆಂದು ಭಾವಿಸಬಾರದು. ವಂಶವಾಹಿ ತಿದ್ದಿದ ಜೀವಿಗಳನ್ನು ಆಹಾರದಲ್ಲಿ ಬಳಸಲು ಸರ್ಕಾರದ ಕಟ್ಟುನಿಟ್ಟಿನ ಪರೀಕ್ಷೆ, ಅನುಮತಿಗಳು ಬೇಕು. ನಾವು ಮನೆಯಲ್ಲಿ ಹಾಕುವ ಹೆಪ್ಪು ಹಿಂದಿನಿಂದ ಬಂದ ಹೆಪ್ಪೇ. ಅದು ಜೀರ್ಣಕ್ಕೆ ಹಿತ. ಆದರೆ ಹಾಲಿನಲ್ಲಿರುವ ಬಿ-12ಕ್ಕಿಂತ ಹೆಚ್ಚಿನದೇನನ್ನೂ ಅದು ಸೇರಿಸುವುದಿಲ್ಲ, ಒಂದಿಷ್ಟನ್ನು ತಾನೇ ಬಳಸಿಕೊಳ್ಳಲೂಬಹುದು. ಇಡ್ಲಿ, ದೋಸೆಯ ಹುಳಿ ಹಿಟ್ಟನ್ನೂ ಬಿ-12 ಮೂಲವೆಂದು ನೆಚ್ಚಿಕೊಳ್ಳುವಂತಿಲ್ಲ.

ಶಾಕಾಹಾರಿಗಳಿಗೆ ಊಟದಲ್ಲಿ ಸಿಗುವ ಮುಖ್ಯ ಆಧಾರ ಹಾಲು ಮತ್ತು ಅದರ ಪದಾರ್ಥಗಳು. 100 ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 0.4 ಮೈಕ್ರೋಗ್ರಾಂ ಬಿ-12 ಇರುತ್ತದೆ. ಬಹಳ ಹೊತ್ತು ಕುದಿಸಿದರೆ ಅದರಲ್ಲೊಂದು ಭಾಗ ನಷ್ಟವಾಗುತ್ತದೆ. ಚಹಾಕ್ಕೆ ಬೆರೆಸುವ ಎರಡು ಚಮಚ ಹಾಲಿನಿಂದ ದಿನದ ಅಗತ್ಯ ತೀರುವುದಿಲ್ಲ ಎಂಬುದು ಈ ಲೆಕ್ಕದಿಂದಲೇ ಸ್ಪಷ್ಟ. ರೊಟ್ಟಿ, ಮುದ್ದೆ, ಅನ್ನ, ಬೇಳೆ, ಪಲ್ಯ ಎಲ್ಲವೂ ಉತ್ತಮ ಆಹಾರವೇ. ಆದರೆ ಅವುಗಳಲ್ಲಿ ಬಿ-12 ಇಲ್ಲ.

ಅರವತ್ತು ದಾಟಿದವರು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಹಾಲು ಮೊಸರು ಸೇರದವರು, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುತ್ತಿರುವವರು, ಎದೆಯುರಿಗೆಂದು ಆಮ್ಲ ತಗ್ಗಿಸುವ ಔಷಧಿಯನ್ನು ಬಿಡದೆ ತೆಗೆದುಕೊಳ್ಳುವವರು, ಜಠರದ ಶಸ್ತ್ರಚಿಕಿತ್ಸೆಯಾದವರು ವೈದ್ಯರನ್ನು ಕೇಳಿ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಸದಾ ಆಯಾಸ, ನಾಲಿಗೆ ಕೆಂಪಾಗಿ ಉರಿಯುವುದು, ಅಂಗಾಲು ಅಂಗೈಗಳಲ್ಲಿ ಜುಮುಗುಡುವುದು, ಕತ್ತಲಲ್ಲಿ ನಡೆಯುವಾಗ ತೂಕ ತಪ್ಪುವುದು, ಹೆಚ್ಚುತ್ತಿರುವ ಮರೆವು ಇವು ಕಂಡರೆ ತಡಮಾಡಬಾರದು. ನರಗಳ ಹಾನಿ ಬೇಗ ತಿಳಿದರೆ ಸರಿಹೋಗುತ್ತದೆ. ಬಹುಕಾಲ ಬಿಟ್ಟರೆ ಪೂರ್ಣವಾಗಿ ಸರಿಹೋಗದೆ ಉಳಿಯಬಹುದು.

ಗರ್ಭಿಣಿಯರು ವೈದ್ಯರು ಕೊಟ್ಟ ಫೋಲಿಕ್ ಆಮ್ಲದ ಮಾತ್ರೆಯನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು. ಅದು ಮಗುವಿನ ಬೆನ್ನುಹುರಿಯ ರಕ್ಷಣೆಗೆ ಬೇಕು. ಅದರೊಡನೆ ಬಿ-12 ಕೂಡ ಬೇಕೇ ಎಂದು ಕೇಳಿ ತಿಳಿದುಕೊಳ್ಳಬೇಕು. ಮಾತ್ರೆಯಲ್ಲಿ 500, 1000 ಮೈಕ್ರೋಗ್ರಾಂ ಎಂದು ಬರೆದಿರುವುದನ್ನು ನೋಡಿ ಗಾಬರಿಯಾಗಬೇಕಿಲ್ಲ. ಒಂದು ಹೊತ್ತಿಗೆ ದೇಹ ಸಹಜ ಮಾರ್ಗದಿಂದ ಹೀರಿಕೊಳ್ಳುವುದು ಒಂದೆರಡು ಮೈಕ್ರೋಗ್ರಾಂ ಮಾತ್ರ. ಉಳಿದುದರಲ್ಲಿ ಶೇಕಡಾ ಒಂದರಷ್ಟು ತಾನಾಗಿ ಒಳಸೇರುತ್ತದೆ. ಅದಕ್ಕಾಗಿಯೇ ಆ ಪ್ರಮಾಣ. ಎಷ್ಟು ದಿನ, ಮಾತ್ರೆಯೋ ಚುಚ್ಚುಮದ್ದೋ ಎಂಬುದನ್ನು ವೈದ್ಯರೇ ನಿರ್ಧರಿಸಲಿ.

ಒಂದು ಸೂಕ್ಷ್ಮವನ್ನು ಮಾತ್ರ ಗಮನಿಸಿರಿ. ಬಿ-12 ಬ್ಯಾಕ್ಟೀರಿಯಾದಿಂದ ಬಂದದ್ದಾದರೂ, ಅದನ್ನು ತುಂಬಿದ ಕ್ಯಾಪ್ಸೂಲಿನ ಮೆತ್ತನೆಯ ಹೊದಿಕೆ ಜೆಲಾಟಿನ್‌ನಿಂದ ಮಾಡಿದ್ದಿರಬಹುದು, ಜೆಲಾಟಿನ್ ಪ್ರಾಣಿಮೂಲದ್ದು. ಅದು ಬೇಡವೆನ್ನುವವರು ಗಟ್ಟಿ ಮಾತ್ರೆಯನ್ನೋ ಸಸ್ಯಮೂಲದ ಹೊದಿಕೆಯ ಕ್ಯಾಪ್ಸೂಲನ್ನೋ ಕೊಡುವಂತೆ ವೈದ್ಯರಿಗೂ ಔಷಧಿ ಅಂಗಡಿಯವರಿಗೂ ನಿಸ್ಸಂಕೋಚವಾಗಿ ಹೇಳಬಹುದು. ಕೇಳುವುದರಲ್ಲಿ ತಪ್ಪಿಲ್ಲ, ಕೇಳದೆ ಔಷಧಿ ಬಿಡುವುದು ತಪ್ಪು.

ಹಸುವಿನ ಹೊಟ್ಟೆಯಲ್ಲಿ ದುಡಿಯುವ ಸೂಕ್ಷ್ಮಾಣುವೂ ಔಷಧಿಯ ತೊಟ್ಟಿಯಲ್ಲಿ ದುಡಿಯುವ ಸೂಕ್ಷ್ಮಾಣುವೂ ಕೊಡುವುದು ಒಂದೇ ಸತ್ವವನ್ನು. ಹಾಲನ್ನು ಹೇಗೆ ಸಂತೋಷದಿಂದ ಸ್ವೀಕರಿಸುತ್ತೇವೆಯೋ, ಅಗತ್ಯ ಬಿದ್ದಾಗ ಆ ಮಾತ್ರೆಯನ್ನೂ ಹಾಗೆಯೇ ಸ್ವೀಕರಿಸಬಹುದು. ಶಾಕಾಹಾರದ ನಿಷ್ಠೆಗೂ ಶರೀರದ ಆರೋಗ್ಯಕ್ಕೂ ಇಲ್ಲಿ ಯಾವ ವಿರೋಧವೂ ಇಲ್ಲ. ಮನೆಯ ಹಿರಿಯರು ಜೋಮು, ಆಯಾಸ ಎಂದು ಹೇಳಿದರೆ ವಯಸ್ಸಾಯಿತೆಂದು ಸುಮ್ಮನಾಗದೆ, ಈ ತಿಂಗಳೇ ಅವರ ರಕ್ತಪರೀಕ್ಷೆ ಮಾಡಿಸಿರಿ.